ಕೈಯನ್ನು ನೋಡಿದರೆ ಚರ್ಮ ಚುರುಕಾಗುವುದು ಹೇಗೆ?

ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಒಂದು ಪೇಪರ್ ಕ್ಲಿಪ್ ಬಿಡಿಸಿ, ಅದರ ಎರಡು ತುದಿಗಳೂ ಒಂದೇ ಕಡೆ ಚಾಚಿಕೊಂಡಿರುವ ಹಾಗೆ ಬಗ್ಗಿಸಿ. ಕಣ್ಣು ಮುಚ್ಚಿಕೊಳ್ಳಿ. ಜೊತೆಯಲ್ಲಿ ಇರುವವರಿಗೆ ಆ ಎರಡು ತುದಿಗಳನ್ನು ನಿಮ್ಮ ಬೆರಳ ತುದಿಗೆ ಒಂದೇ ಸಲ ಮೆಲ್ಲಗೆ ಮುಟ್ಟಿಸಲು ಹೇಳಿ. ನಡುವೆ 2–3 ಮಿಲಿಮೀಟರ್ ಜಾಗ ಇದ್ದರೂ ಸಾಕು, ಮುಟ್ಟಿದ್ದು ಎರಡು ಮೊನೆ ಅಂತ ಥಟ್ಟನೆ ಗೊತ್ತಾಗುತ್ತದೆ. ಈಗ ಅದೇ ಕ್ಲಿಪ್ಪನ್ನು ಮಣಿಕಟ್ಟಿಗೂ ಮೊಣಕೈಗೂ ನಡುವೆ, ಮುಂಗೈ ಮೇಲೆ ಮುಟ್ಟಿಸಿಕೊಳ್ಳಿ. ಎರಡು ಮೊನೆ ಸೇರಿ ಒಂದೇ ಆಗಿಬಿಡುತ್ತವೆ. ಅಲ್ಲಿ ಅವು ಬೇರೆ ಬೇರೆ ಅನ್ನಿಸಬೇಕಾದರೆ ಅಂತರವನ್ನು ಸುಮಾರು 4 ಸೆಂಟಿಮೀಟರ್‌ವರೆಗೂ ಹಿಗ್ಗಿಸಬೇಕಾಗಬಹುದು.

ಕಾರಣ ನೀವು ಊಹಿಸಿದ್ದೇ. ಬೆರಳ ತುದಿಯಲ್ಲಿ ನರತುದಿಗಳು ಒತ್ತೊತ್ತಾಗಿವೆ, ಮುಂಗೈಯಲ್ಲಿ ದೂರ ದೂರ ಇವೆ. ಜೊತೆಗೆ ಮೆದುಳು ಕೂಡ ಬೆರಳಿಗೆ ಜಾಸ್ತಿ ಜಾಗ ಬಿಟ್ಟುಕೊಟ್ಟಿದೆ. ಇಷ್ಟೇ ಆಗಿದ್ದರೆ ಸ್ಪರ್ಶ ಅನ್ನುವುದು ಚರ್ಮಕ್ಕೂ ನರಕ್ಕೂ ಬಿಟ್ಟ ವಿಷಯ ಅಂತ ಸುಮ್ಮನಾಗಬಹುದಿತ್ತು.

ಆದರೆ 2001ರಲ್ಲಿ ಲಂಡನ್ನಿನ ಸಂಶೋಧಕರು ಈ ಹಳೇ ಪರೀಕ್ಷೆಗೆ ಒಂದು ಹೊಸ ತಿರುವು ಕೊಟ್ಟರು. ಸ್ಟೆಫನ್ ಕೆನೆಟ್, ಮರಿಸಾ ಟೇಲರ್-ಕ್ಲಾರ್ಕ್ ಮತ್ತು ಪ್ಯಾಟ್ರಿಕ್ ಹ್ಯಾಗರ್ಡ್ ಎಂಬ ಮೂವರು. ಅವರು ಕೇಳಿದ ಪ್ರಶ್ನೆ ಇಷ್ಟು: ಮುಂಗೈಯನ್ನು ಮುಟ್ಟುವಾಗ ಆ ಮನುಷ್ಯ ತನ್ನ ಕೈಯನ್ನು ನೋಡುತ್ತಿದ್ದರೆ ಏನಾದರೂ ವ್ಯತ್ಯಾಸ ಆಗುತ್ತದಾ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೊನೆಗಳು ಚರ್ಮಕ್ಕೆ ತಾಗುವುದು ಕಣ್ಣಿಗೆ ಕಂಡುಬಿಟ್ಟರೆ ಉತ್ತರ ಕಣ್ಣಿಗೇ ಗೊತ್ತಾಗುತ್ತದೆ, ಆಗ ಪರೀಕ್ಷೆಗೆ ಅರ್ಥವೇ ಇಲ್ಲ. ಹಾಗಾಗಿ ಕೈ ಕಾಣಿಸಬೇಕು, ಮೊನೆ ತಾಗುವುದು ಮಾತ್ರ ಕಾಣಿಸಬಾರದು. ಇನ್ನೊಂದು ಸುತ್ತಿನಲ್ಲಿ ಕೈ ಇರಬೇಕಾದ ಜಾಗದಲ್ಲೇ ಬೇರೆ ಯಾವುದೋ ವಸ್ತು ಕಾಣಿಸುವ ಹಾಗೆ ವ್ಯವಸ್ಥೆ ಮಾಡಿದರು. ಎರಡೂ ಸಲ ಕಣ್ಣು ನೆಟ್ಟಿರುವುದು ಒಂದೇ ಕಡೆಗೆ, ಚರ್ಮಕ್ಕೆ ತಾಗುವುದೂ ಒಂದೇ ಥರದ ಮೊನೆಗಳು. ಬದಲಾಗಿದ್ದು ಒಂದೇ: ಕಾಣುತ್ತಿರುವುದು ಸ್ವಂತ ದೇಹವೋ, ಅಲ್ಲವೋ.

ಕೈ ಕಾಣುತ್ತಿದ್ದಾಗ ಜನ ಎರಡು ಮೊನೆಗಳನ್ನು ಇನ್ನೂ ಚೆನ್ನಾಗಿ ಬೇರೆ ಮಾಡಿ ಗುರುತಿಸಿದರು. ಭೂತಗನ್ನಡಿ ಇಟ್ಟು ಕೈಯನ್ನು ದೊಡ್ಡದು ಮಾಡಿ ತೋರಿಸಿದಾಗಲಂತೂ ಗುರುತಿಸುವ ಶಕ್ತಿ ಮತ್ತಷ್ಟು ಹೆಚ್ಚಿತು. ಯೋಚನೆ ಮಾಡಿ, ಚರ್ಮ ಅದೇ, ನರಗಳು ಅವೇ, ಕಣ್ಣಿಗೆ ಉತ್ತರದ ಸುಳಿವೂ ಸಿಕ್ಕಿಲ್ಲ, ಆದರೂ ಭೂತಗನ್ನಡಿಯಲ್ಲಿ ಕೈ ದೊಡ್ಡದಾಗಿ ಕಂಡ ಮಾತ್ರಕ್ಕೆ ಸ್ಪರ್ಶ ಚುರುಕಾಯಿತು. ಇಂದ್ರಿಯಗಳ ವಿಷಯದಲ್ಲಿ ನಾನು ಓದಿರುವುದರಲ್ಲಿ ಇದಕ್ಕಿಂತ ಬೆರಗು ಹುಟ್ಟಿಸುವ ಫಲಿತಾಂಶ ಬಹಳ ಇಲ್ಲ.

ಇದು ಬರೀ ಗಮನದ ವಿಷಯ ಇರಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಕಣ್ಣು ಎಲ್ಲಿ ನೆಟ್ಟಿದೆಯೋ ಅಲ್ಲಿ ಮನಸ್ಸೂ ಇರುತ್ತದೆ, ಅದಕ್ಕೇ ಅಲ್ಲಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಅಷ್ಟೇ ಅಂತ. ನ್ಯಾಯವಾದ ಅನುಮಾನ. ಆದರೆ ಆ ಬೇರೆ ವಸ್ತುವನ್ನು ಇಟ್ಟಿದ್ದೇ ಈ ಅನುಮಾನಕ್ಕೆ ಉತ್ತರವಾಗಿ, ಯಾಕಂದ್ರೆ ಆಗಲೂ ಗಮನ ಅದೇ ಜಾಗದಲ್ಲಿತ್ತು. ಅದಕ್ಕೂ ಮೊದಲು, 1998ರಲ್ಲಿ, ಸ್ಟೀವ್ ಟಿಪ್ಪರ್ ಮತ್ತು ಸಂಗಡಿಗರು ಬೇರೆ ದಾರಿಯಲ್ಲಿ ಇದನ್ನೇ ನೋಡಿದ್ದರು. ಜನ ತಲೆಯನ್ನಾಗಲಿ ಕಣ್ಣನ್ನಾಗಲಿ ಕೈಯ ಕಡೆ ತಿರುಗಿಸಲೇ ಇಲ್ಲ, ವಿಡಿಯೋ ಪರದೆಯಲ್ಲಿ ತಮ್ಮ ಕೈಯನ್ನು ನೋಡಿದರು. ಆಗಲೂ ಕೈಗೆ ಆದ ಸ್ಪರ್ಶಕ್ಕೆ ಬೇಗ ಸ್ಪಂದಿಸಿದರು. ಅಂದ್ರೆ ಕೈ ಇರುವ ದಿಕ್ಕಿಗೆ ತಿರುಗುವುದು ಮುಖ್ಯ ಅಲ್ಲ, ಕೈ ಕಣ್ಣಿಗೆ ಬೀಳುವುದು ಮುಖ್ಯ.

ಹಾಗಾದರೆ ದೇಹವನ್ನು ನೋಡುವುದರಿಂದ ಸ್ಪರ್ಶಕ್ಕೆ ಸಿಗುವುದಾದರೂ ಏನು?

ನನ್ನ ಪ್ರಕಾರ ಈ ವಿಷಯದ ಬೀಗದ ಕೈ ಇಲ್ಲಿದೆ: ಚರ್ಮಕ್ಕೆ ತನ್ನ ಅಳತೆ ಗೊತ್ತಿಲ್ಲ. ಒತ್ತಡ ತಿಳಿಸುವ ನರತುದಿಗಳಿವೆ, ಕಂಪನ ತಿಳಿಸುವವು ಇವೆ, ಬಿಸಿ, ತಂಪು, ನೋವು ಎಲ್ಲಕ್ಕೂ ಬೇರೆ ಬೇರೆ ಇವೆ. ಸ್ನಾಯು, ಕೀಲುಗಳ ಒಳಗೆ ಕೈಕಾಲು ಎಷ್ಟು ಬಾಗಿದೆ ಅಂತ ಹೇಳುವ ನರಗಳೂ ಇವೆ. ಆದರೆ 'ಈ ಮುಂಗೈ ಇಷ್ಟು ಉದ್ದ, ಈ ಅಂಗೈ ಇಷ್ಟು ಅಗಲ' ಅಂತ ಮೆದುಳಿಗೆ ವರದಿ ಮಾಡುವ ಒಂದೇ ಒಂದು ನರವೂ ದೇಹದಲ್ಲಿ ಇಲ್ಲ. ಮುಂಗೈ ಮೇಲೆ ಎರಡು ಕಡೆ ಏನೋ ತಾಗಿದೆ ಅಂದ ಮೇಲೆ ಅವುಗಳ ನಡುವಿನ ದೂರ ಎಷ್ಟು ಅಂತ ಹೇಳಬೇಕಾದರೆ ಮುಂಗೈ ಎಷ್ಟು ದೊಡ್ಡದು ಅನ್ನುವ ಲೆಕ್ಕ ಬೇಕೇ ಬೇಕು. ಆ ಲೆಕ್ಕ ಬೇರೆಲ್ಲಿಂದಲೋ ಬರಬೇಕು.

ಮೆದುಳಿನಲ್ಲಿರುವ ಚರ್ಮದ ನಕ್ಷೆಯನ್ನು ನೋಡಿದರೆ ಈ ತೊಂದರೆ ಇನ್ನೂ ಸ್ಪಷ್ಟವಾಗುತ್ತದೆ. ಚರ್ಮದಿಂದ ಹೊರಟ ಸುದ್ದಿ ಬೆನ್ನುಹುರಿ ಹತ್ತಿ, ಥಲಾಮಸ್ ಎಂಬ ನಡುಮನೆ ದಾಟಿ, ಮೆದುಳಿನ ವಿರುದ್ಧ ಬದಿಯಲ್ಲಿರುವ ಸ್ಪರ್ಶದ ಪಟ್ಟಿಗೆ ಬರುತ್ತದೆ. ಎಡಗೈಯದು ಬಲಕ್ಕೆ, ಬಲಗೈಯದು ಎಡಕ್ಕೆ. ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರೆ 1937ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ಪಟ್ಟಿಯ ವಿವರ ಸಿಕ್ಕಿತು. ಎಚ್ಚರವಾಗಿದ್ದ ರೋಗಿಗಳ ಮೆದುಳಿಗೆ ಆಪರೇಷನ್ ವೇಳೆ ಸಣ್ಣ ವಿದ್ಯುತ್ ಕೊಟ್ಟು, ಎಲ್ಲಿ ಮುಟ್ಟಿದ ಹಾಗಾಯಿತು ಅಂತ ಕೇಳಿ ಬರೆದುಕೊಂಡ ನಕ್ಷೆ ಅದು. ಅದರಲ್ಲಿ ತುಟಿ ಮತ್ತು ಬೆರಳು ವಿಪರೀತ ದೊಡ್ಡವು, ಬೆನ್ನು ಚಿಕ್ಕದು. ಈ ನಕ್ಷೆಯನ್ನೇ ನಂಬಿ ದೂರ ಅಳೆದರೆ ಬೆರಳ ಮೇಲಿನ ಒಂದು ಸೆಂಟಿಮೀಟರ್ ಬೆನ್ನಿನ ಮೇಲೆ ಎಷ್ಟೋ ಪಟ್ಟು ಕುಗ್ಗಬೇಕು.

ಸ್ವಲ್ಪ ಮಟ್ಟಿಗೆ ಹಾಗೇ ಆಗುತ್ತದೆ ಕೂಡ. ಜರ್ಮನಿಯ ಎರ್ನ್ಸ್ಟ್ ವೇಬರ್ ಇದನ್ನು 1834ರಷ್ಟು ಹಿಂದೆಯೇ ಗಮನಿಸಿದ್ದರು. ಕೈವಾರದ ಎರಡು ಮೊನೆಗಳ ಅಂತರ ಬದಲಿಸದೆ ಅದನ್ನು ಚರ್ಮದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದರೆ, ಸೂಕ್ಷ್ಮವಾದ ಜಾಗಕ್ಕೆ ಬಂದಾಗ ಮೊನೆಗಳು ದೂರ ಸರಿದ ಹಾಗೆ, ಮಂದವಾದ ಜಾಗಕ್ಕೆ ಬಂದಾಗ ಹತ್ತಿರ ಬಂದ ಹಾಗೆ ಅನ್ನಿಸುತ್ತದೆ. ಆದರೆ ಈ ಮೋಸ ಚಿಕ್ಕದು. ನಕ್ಷೆಯಲ್ಲಿರುವ ಏರುಪೇರಿಗೆ ಹೋಲಿಸಿದರೆ ನಮಗೆ ಅನ್ನಿಸುವ ಏರುಪೇರು ತುಂಬಾ ಕಡಿಮೆ. ಅಂದ್ರೆ ನಡುವೆ ಯಾರೋ ಲೆಕ್ಕ ಸರಿ ಮಾಡುತ್ತಿದ್ದಾರೆ.

ಆ ತಿದ್ದುಪಡಿಯಲ್ಲಿ ಕಣ್ಣಿಗೂ ಪಾತ್ರ ಇದೆ ಅಂತ ತೋರಿಸಿದ್ದು 2004ರ ಒಂದು ಪ್ರಯೋಗ. ಟೇಲರ್-ಕ್ಲಾರ್ಕ್, ಹ್ಯಾಗರ್ಡ್ ಮತ್ತು ಅವರ ಸಹೋದ್ಯೋಗಿ ಸೇರಿ ಜನರಿಗೆ ತಮ್ಮದೇ ಕೈಯನ್ನು ವಿಕಾರ ಮಾಡಿ ತೋರಿಸಿದರು. ಮುಂಗೈ ಹಿಗ್ಗಿದ ಹಾಗೆ, ಹಸ್ತ ಕುಗ್ಗಿದ ಹಾಗೆ. ಸ್ವಲ್ಪ ಹೊತ್ತು ಇಂಥ ಕೈಯನ್ನು ನೋಡಿದ ಮೇಲೆ ಎರಡೂ ಕಡೆ ಮೊನೆ ಮುಟ್ಟಿಸಿ, ಎಲ್ಲಿ ಅಂತರ ಜಾಸ್ತಿ ಅಂತ ಕೇಳಿದರು. ಮುಂಗೈ ಮೇಲಿನ ದೂರ ಮೊದಲಿಗಿಂತ ದೊಡ್ಡದು ಅನ್ನಿಸತೊಡಗಿತು. ಕಣ್ಣು ಕೊಟ್ಟ ಸುಳ್ಳು ಅಳತೆಯನ್ನು ಸ್ಪರ್ಶ ನಂಬಿತು.

ಈಗ ಭೂತಗನ್ನಡಿಗೆ ವಾಪಸ್ ಹೋದರೆ ಅದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಕೈ ಕಂಡಾಗ ಮೆದುಳಿಗೆ ಆ ಜಾಗದ ಅಳತೆ ಸಿಗುತ್ತದೆ, ದೊಡ್ಡದಾಗಿ ಕಂಡಾಗ ಇನ್ನೂ ಸೂಕ್ಷ್ಮವಾಗಿ ಓದಲು ಅದು ತಯಾರಾಗುತ್ತದೆ.

ತಯಾರಾಗುವುದು ಅಂತ ಸುಮ್ನೆ ಹೇಳಿದ್ದಲ್ಲ. 2002ರಲ್ಲಿ ಇದೇ ಲಂಡನ್ ಗುಂಪು ತಲೆಗೆ ವಿದ್ಯುತ್ ತಟ್ಟೆಗಳನ್ನು ಅಂಟಿಸಿ ಮೆದುಳಿನ ಅಲೆಗಳನ್ನು ದಾಖಲಿಸಿತು. ಮುಂಗೈಯನ್ನು ಮುಟ್ಟಿದ ಸುಮಾರು 80 ಮಿಲಿಸೆಕೆಂಡಿಗೆ ಬರುವ ಅಲೆ, ಕೈ ಕಾಣುತ್ತಿದ್ದಾಗ ದೊಡ್ಡದಾಗಿತ್ತು. ಇದು ತುಂಬಾ ಬೇಗ. ಯೋಚಿಸಿ, ತೂಗಿ, ಉತ್ತರ ಬದಲಿಸುವಷ್ಟು ಹೊತ್ತು ಆಗಿರುವುದೇ ಇಲ್ಲ. ಸ್ಪರ್ಶದ ಸುದ್ದಿ ಮೊದಲು ಬಂದು ತಲುಪುವ ಜಾಗದ ಆಸುಪಾಸಿನಲ್ಲೇ ಕಣ್ಣಿನ ಪ್ರಭಾವ ಬಿದ್ದಿದೆ ಅಂತ ಇದರಿಂದ ತಿಳಿಯುತ್ತದೆ.

2005ರಲ್ಲಿ ಮಿರ್ಟಾ ಫಿಯೋರಿಯೊ ಮತ್ತು ಹ್ಯಾಗರ್ಡ್ ಒಂದು ಹೆಜ್ಜೆ ಮುಂದೆ ಹೋದರು. ಮೊದಲು ಕೈಯನ್ನೋ ಇನ್ನೊಂದು ವಸ್ತುವನ್ನೋ ತೋರಿಸುವುದು. ಆಮೇಲೆ ಕತ್ತಲು. ಆ ಕತ್ತಲಲ್ಲಿ, ಸ್ಪರ್ಶ ಕೊಡುವುದಕ್ಕೆ ಸ್ವಲ್ಪ ಮುಂಚೆ, ತಲೆಯ ಹೊರಗಿನಿಂದ ಕಾಂತದ ಒಂದು ಮಿಡಿತ ಕೊಟ್ಟು ಮೆದುಳಿನ ಒಂದು ಚಿಕ್ಕ ಭಾಗದ ಕೆಲಸವನ್ನು ಅರೆಕ್ಷಣ ಕೆಡಿಸುವುದು. ಮೊದಲ ಹಂತದ ಸ್ಪರ್ಶದ ಪಟ್ಟಿಗೆ ಹೀಗೆ ಮಾಡಿದಾಗ ಕೈ ನೋಡಿದ್ದರಿಂದ ಸಿಕ್ಕ ಲಾಭ ಹೋಯಿತು. ಎರಡನೇ ಹಂತದ ಸ್ಪರ್ಶದ ಭಾಗಕ್ಕೆ ಮಾಡಿದಾಗ ಹಾಗಾಗಲಿಲ್ಲ. ಸ್ಪರ್ಶ ಆಗುವ ಮೊದಲೇ, ಬರೀ ಕೈಯನ್ನು ಕಂಡಿದ್ದಕ್ಕೇ, ಆ ಪಟ್ಟಿ ಸಜ್ಜಾಗಿ ಕೂತಿತ್ತು ಅಂತಾಯಿತು.

ಸಜ್ಜಾಗುವುದು ಅಂದ್ರೆ ಅಲ್ಲಿ ಏನು ಬದಲಾಗುತ್ತದೆ? ಸ್ಪರ್ಶದ ಪಟ್ಟಿಯ ಪ್ರತಿ ನರಕೋಶಕ್ಕೂ ಚರ್ಮದ ಮೇಲೆ ತನ್ನದೇ ಒಂದು ತುಂಡು ಜಾಗ ಇರುತ್ತದೆ, ಅಲ್ಲಿ ಮುಟ್ಟಿದರೆ ಮಾತ್ರ ಅದು ಸದ್ದು ಮಾಡುತ್ತದೆ. ಅಕ್ಕಪಕ್ಕದ ಕೋಶಗಳು ಒಂದನ್ನೊಂದು ಅದುಮಿ ಸುಮ್ಮನಾಗಿಸುತ್ತವೆ. ಈ ಅದುಮುವಿಕೆ ಹೆಚ್ಚಾದಷ್ಟೂ ಪ್ರತಿ ಕೋಶದ ಜಾಗ ಚಿಕ್ಕದಾಗುತ್ತದೆ, ಗಡಿ ಸ್ಪಷ್ಟವಾಗುತ್ತದೆ, ಹತ್ತಿರದ ಎರಡು ಮೊನೆಗಳು ಬೇರೆ ಬೇರೆ ಕೋಶಗಳ ಪಾಲಿಗೆ ಬೀಳುತ್ತವೆ. ಮಂಜು ಕವಿದ ಕನ್ನಡಕವನ್ನು ಒರೆಸಿಕೊಂಡ ಹಾಗೆ. ಫ್ಲಾವಿಯಾ ಕಾರ್ಡಿನಿ, ಮ್ಯಾಥ್ಯೂ ಲಾಂಗೊ ಮತ್ತು ಹ್ಯಾಗರ್ಡ್ 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ದೇಹ ಕಣ್ಣಿಗೆ ಕಂಡಾಗ ಈ ಅದುಮುವಿಕೆಯೇ ಬದಲಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿತು. ಇದೆಲ್ಲಕ್ಕೂ ಆದೇಶ ಬರುವುದು ಬಹುಶಃ ನೆತ್ತಿಯ ಹಿಂಭಾಗದಿಂದ. ಕಣ್ಣಿನ ಸುದ್ದಿ ಮತ್ತು ಚರ್ಮದ ಸುದ್ದಿ ಅಲ್ಲಿ ಕೂಡುತ್ತವೆ, ಅಲ್ಲಿಂದ ಕೆಳಗಿನ ಸ್ಪರ್ಶದ ಪಟ್ಟಿಗೆ ಸೂಚನೆ ಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ದೇಹ ನೋಡಿದರೆ ಎಲ್ಲ ಥರದ ಸ್ಪರ್ಶವೂ ಚುರುಕಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಾಭ ಕಾಣುವುದು ಮುಖ್ಯವಾಗಿ ಜಾಗ, ದೂರ, ಆಕಾರಕ್ಕೆ ಸಂಬಂಧಪಟ್ಟ ಕಷ್ಟದ ಕೆಲಸಗಳಲ್ಲಿ. ಏನೋ ತಾಗಿತಾ ಇಲ್ಲವಾ ಅನ್ನುವಂಥ ಸುಲಭದ ಕೆಲಸದಲ್ಲಿ ಅಷ್ಟು ಕಾಣುವುದಿಲ್ಲ. ಆಂಡ್ರಿಯಾ ಸೆರಿನೊ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ ಹಾಗೆ, ಯಾರ ಸ್ಪರ್ಶ ಮೊದಲೇ ಮಂದವಾಗಿತ್ತೋ ಅವರಿಗೇ ಇದರಿಂದ ಜಾಸ್ತಿ ಸಹಾಯ. ಮೆದುಳಿಗೆ ಪೆಟ್ಟಾಗಿ ಕೈಯ ಸ್ಪರ್ಶ ಕುಂದಿದ್ದ ರೋಗಿಗಳಲ್ಲೂ ಕೈಯನ್ನು ನೋಡಿದಾಗ ಗುರುತಿಸುವ ಶಕ್ತಿ ಸುಧಾರಿಸಿತು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾಕಂದ್ರೆ ಪಾರ್ಶ್ವವಾಯು ಆದವರು ಕೈ ಸರಿಯಾಗಿ ಗೊತ್ತಾಗುತ್ತಿಲ್ಲ ಅಂತ ಅದನ್ನು ಪಕ್ಕಕ್ಕೆ ಇಟ್ಟು ಮರೆತುಬಿಡುವುದು ಎಷ್ಟು ಸಹಜವೋ ಅಷ್ಟೇ ನಷ್ಟದ ಸಂಗತಿ.

ಇಷ್ಟು ಹೊತ್ತು ಸ್ವಂತ ಕೈಯ ಮಾತಾಯಿತು. ಆದರೆ ಕಾಣುತ್ತಿರುವುದು ತನ್ನದೇ ಕೈ ಅಂತ ಮೆದುಳು ತೀರ್ಮಾನ ಮಾಡುವುದಾದರೂ ಹೇಗೆ? ಇದಕ್ಕೆ ಎಲ್ಲರೂ ನೆನೆಯುವುದು 1998ರ ರಬ್ಬರ್ ಕೈ ಪ್ರಯೋಗವನ್ನು. ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಮಾಡಿದ್ದು. ನಿಮ್ಮ ಎಡಗೈ ಮೇಜಿನ ಮೇಲೆ ಇದೆ, ಆದರೆ ಅಡ್ಡಕ್ಕೆ ಒಂದು ಪರದೆ ಇರುವುದರಿಂದ ನಿಮಗೆ ಕಾಣುವುದಿಲ್ಲ. ಕಣ್ಣೆದುರಿಗೆ ಇರುವುದು ರಬ್ಬರಿನ ಎಡಗೈ. ಪ್ರಯೋಗ ಮಾಡುವವರು ಎರಡು ಚಿಕ್ಕ ಬ್ರಷ್ ಹಿಡಿದು, ನಿಮ್ಮ ಮರೆಯಾದ ಕೈಯನ್ನೂ ರಬ್ಬರ್ ಕೈಯನ್ನೂ ಒಂದೇ ಜಾಗದಲ್ಲಿ ಒಂದೇ ಗಳಿಗೆಗೆ ಸವರುತ್ತಾ ಹೋಗುತ್ತಾರೆ. ತೋರುಬೆರಳು ಅಂದ್ರೆ ಅಲ್ಲೂ ತೋರುಬೆರಳು, ಇಲ್ಲೂ ತೋರುಬೆರಳು. ಮೊದಲು ಏನೂ ಅನ್ನಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಸ್ಪರ್ಶ ಜಾಗ ಬದಲಿಸುತ್ತದೆ, ಬ್ರಷ್ ರಬ್ಬರಿನ ಮೇಲೆ ಹರಿದಾಡುವಲ್ಲೇ ಅದು ಗೊತ್ತಾಗುತ್ತಿದೆ ಅನ್ನಿಸುತ್ತದೆ. ಹಲವರು ಆ ಕೈ ತಮ್ಮದೇ ಅನ್ನಿಸಿತು ಅಂದರು. ಆಮೇಲೆ ಕಣ್ಣು ಮುಚ್ಚಿ ನಿಮ್ಮ ಎಡಗೈ ಎಲ್ಲಿದೆ ತೋರಿಸಿ ಅಂದಾಗ, ನಿಜವಾದ ಜಾಗಕ್ಕಿಂತ ರಬ್ಬರ್ ಕೈಯ ಕಡೆಗೆ ಸರಿದು ತೋರಿಸಿದರು.

ಎರಡು ಬ್ರಷ್‌ಗಳ ತಾಳ ತಪ್ಪಿಸಿದರೆ ಈ ಭ್ರಮೆ ಬಿದ್ದುಹೋಗುತ್ತದೆ. ರಬ್ಬರ್ ಕೈ ಬದಲು ಮರದ ಕೋಲು ಇಟ್ಟರೂ ಅಷ್ಟೇ, ರಬ್ಬರ್ ಕೈಯನ್ನು ದೇಹಕ್ಕೆ ಒಗ್ಗದ ಕೋನಕ್ಕೆ ತಿರುಗಿಸಿದರೂ ಅಷ್ಟೇ. ಕಣ್ಣು ಹೇಳಿದ್ದೆಲ್ಲವನ್ನೂ ಮೆದುಳು ನಂಬುವುದಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ದೇಹದ ಹಾಗೆ ಇರಬೇಕು, ನನ್ನ ದೇಹ ಇರಬಹುದಾದ ಜಾಗದಲ್ಲಿ ಇರಬೇಕು, ಚರ್ಮ ಹೇಳುವ ಸಮಯಕ್ಕೂ ಕಣ್ಣು ಹೇಳುವ ಸಮಯಕ್ಕೂ ತಾಳೆ ಬೀಳಬೇಕು. ಆಮೇಲೆ ಮಾತ್ರ ಒಪ್ಪಿಗೆ. ಒಪ್ಪಿದ ಮೇಲೆ ಚರ್ಮದ ಮಾತಿಗಿಂತ ಕಣ್ಣಿನ ಮಾತಿಗೇ ತೂಕ ಜಾಸ್ತಿ, ಯಾಕಂದ್ರೆ ಕೈ ಎಲ್ಲಿದೆ ಅನ್ನುವ ವಿಷಯದಲ್ಲಿ ಕಣ್ಣಿನ ಅಂದಾಜು ಸಾಮಾನ್ಯವಾಗಿ ಹೆಚ್ಚು ನಿಖರ.

ಕೋತಿಗಳ ಮೆದುಳಿನಲ್ಲಿ ಇದರ ಬೇರು ಕಾಣುತ್ತದೆ. ಮೈಕೆಲ್ ಗ್ರಾಸಿಯಾನೊ ಮತ್ತು ಚಾರ್ಲ್ಸ್ ಗ್ರಾಸ್ 1990ರ ದಶಕದಲ್ಲಿ ವಿವರಿಸಿದ ಕೆಲವು ನರಕೋಶಗಳಿಗೆ ಎರಡು ಕೆಲಸ. ಕೈಯನ್ನು ಮುಟ್ಟಿದರೂ ಸ್ಪಂದಿಸುತ್ತವೆ, ಕೈಯ ಹತ್ತಿರ ಏನಾದರೂ ಬರುವುದು ಕಂಡರೂ ಸ್ಪಂದಿಸುತ್ತವೆ. ಕೈಯನ್ನು ಆ ಕಡೆ ಸರಿಸಿದರೆ ಅವು ಕಾವಲು ಕಾಯುವ ಜಾಗವೂ ಕೈ ಜೊತೆಗೇ ಸರಿಯುತ್ತದೆ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಕೋತಿಗಳಿಗೆ ಉದ್ದನೆಯ ಹಿಡಿಯ ಗೋರುಕೋಲಿನಿಂದ ದೂರದ ತಿಂಡಿ ಎಳೆದುಕೊಳ್ಳುವುದನ್ನು ಕಲಿಸಿದಾಗ, ಇಂಥ ಕೆಲವು ಕೋಶಗಳು ಕಾಯುವ ಜಾಗ ಕೋಲಿನ ಉದ್ದಕ್ಕೂ ಚಾಚಿಕೊಂಡಿತು. ದೇಹದ ಗಡಿ ಚರ್ಮಕ್ಕೇ ಮುಗಿಯಬೇಕಿಲ್ಲ ಅಂತಾಯಿತು.

ಈಗ ನೋವಿನ ವಿಷಯ. ಓದುವವರಿಗೆ ಹೆಚ್ಚು ಬೇಕಾಗುವುದು ಇದೇ ಅಂದುಕೊಂಡಿದ್ದೇನೆ, ಮತ್ತು ಇಲ್ಲಿ ಚಿತ್ರ ಸ್ವಲ್ಪ ಸಿಕ್ಕು ಸಿಕ್ಕಾಗಿದೆ.

2009ರಲ್ಲಿ ಲಾಂಗೊ, ಹ್ಯಾಗರ್ಡ್ ಮತ್ತು ಸಂಗಡಿಗರು ಜನರ ಕೈಗೆ ಲೇಸರ್‌ನಿಂದ ಚುರುಕ್ಕೆನ್ನುವ ನೋವು ಕೊಟ್ಟರು. ತಮ್ಮ ಕೈಯನ್ನು ನೋಡುತ್ತಿದ್ದಾಗ ನೋವು ಕಡಿಮೆ ಅಂತ ಜನ ಹೇಳಿದರು, ಮೆದುಳಿನ ಅಲೆಗಳೂ ಕುಗ್ಗಿದವು. ಯಾವುದೋ ವಸ್ತು ನೋಡಿದಾಗ ಹೀಗಾಗಲಿಲ್ಲ, ಬೇರೆಯವರ ಕೈ ನೋಡಿದಾಗಲೂ ಆಗಲಿಲ್ಲ. 2011ರಲ್ಲಿ ಫ್ಲಾವಿಯಾ ಮಾನ್ಸಿನಿ ಮತ್ತು ಸಂಗಡಿಗರು ಬಿಸಿ ಕೊಟ್ಟು ಪರೀಕ್ಷಿಸಿದರು. ಕೈ ದೊಡ್ಡದಾಗಿ ಕಂಡಾಗ ನೋವು ಶುರುವಾಗಲು ಇನ್ನಷ್ಟು ಬಿಸಿ ಬೇಕಾಯಿತು, ಚಿಕ್ಕದಾಗಿ ಕಂಡಾಗ ಕಡಿಮೆ ಬಿಸಿಗೇ ನೋವಾಯಿತು. ಹಾಗಂತ ಎಲ್ಲ ಪ್ರಯೋಗಾಲಯಗಳಲ್ಲೂ ಫಲಿತಾಂಶ ಹೀಗೇ ಬಂದಿಲ್ಲ. 2015ರ ಒಂದು ಅಧ್ಯಯನದಲ್ಲಿ ಕೈ ನೋಡಿದ್ದರಿಂದ ಮೆದುಳಿನ ಅಲೆಗಳು ಬದಲಾದವು, ಜನ ಹೇಳಿದ ನೋವು ಮಾತ್ರ ಬದಲಾಗಲಿಲ್ಲ. ಹಾಗಾಗಿ ಇದನ್ನು ನೋವಿನ ಮಾತ್ರೆಯ ಬದಲಿಗೆ ಬಳಸಬಹುದು ಅಂತ ಯಾರೂ ಹೇಳುವ ಸ್ಥಿತಿಯಲ್ಲಿಲ್ಲ.

ಇಂಜೆಕ್ಷನ್ ಚುಚ್ಚುವಾಗ ನೋಡಬೇಕಾ, ಮುಖ ತಿರುಗಿಸಬೇಕಾ ಅನ್ನುವ ಪ್ರಶ್ನೆ ಇಲ್ಲಿ ತಾನಾಗೇ ಬರುತ್ತದೆ. ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದು ಸುಮ್ಮನೆ ಇರುವ ಕೈ, ಅದಕ್ಕೆ ಏನೂ ಚುಚ್ಚುತ್ತಿರಲಿಲ್ಲ. ಸೂಜಿ ಕಂಡರೆ ಕಥೆ ಬೇರೆ. 2012ರಲ್ಲಿ ಜರ್ಮನಿಯ ಒಂದು ತಂಡ, ತಮ್ಮದು ಅನ್ನಿಸುವ ಹಾಗೆ ಪರದೆ ಮೇಲೆ ತೋರಿಸಿದ ಕೈಗೆ ಸೂಜಿ ಚುಚ್ಚುವುದನ್ನು ನೋಡಿದಾಗ ಜನರಿಗೆ ನೋವಿನ ಕಿರಿಕಿರಿ ಜಾಸ್ತಿಯಾಯಿತು ಅಂತ ವರದಿ ಮಾಡಿತು. ಕೈಯನ್ನು ನೋಡುವುದು ಒಂದು, ಕೈಗೆ ಬರುತ್ತಿರುವ ಅಪಾಯವನ್ನು ನೋಡುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಂಡು ಸಲಹೆ ಕೊಡುವುದು ತಪ್ಪು.

ವರ್ಷಗಟ್ಟಲೆ ನೋವು ಅನುಭವಿಸುತ್ತಿರುವವರಲ್ಲಿ ಲೆಕ್ಕ ಪೂರ್ತಿ ತಿರುಗಬಹುದು. 2008ರಲ್ಲಿ ಲೋರಿಮರ್ ಮೋಸ್ಲಿ ಮತ್ತು ಸಂಗಡಿಗರು ಒಂದು ಕೈಯಲ್ಲಿ ದೀರ್ಘಕಾಲದ ನೋವಿದ್ದ 10 ಜನರಿಗೆ ದುರ್ಬೀನಿನ ಮೂಲಕ ಆ ಕೈಯನ್ನು ನೋಡುತ್ತಾ ಆಡಿಸಲು ಹೇಳಿದರು. ದೊಡ್ಡದಾಗಿ ಕಂಡಾಗ ನೋವೂ ಹೆಚ್ಚಿತು, ಊತವೂ ಹೆಚ್ಚಿತು. ದುರ್ಬೀನನ್ನು ತಿರುಗಿಸಿ ಹಿಡಿದು ಕೈ ಚಿಕ್ಕದಾಗಿ ಕಾಣುವ ಹಾಗೆ ಮಾಡಿದಾಗ ಎರಡೂ ಕಡಿಮೆಯಾದವು. ಕಣ್ಣಿಗೆ ಕಂಡ ಗಾತ್ರಕ್ಕೆ ತಕ್ಕಂತೆ ಊತ ಬದಲಾಯಿತು ಅನ್ನುವುದು ನೋವನ್ನು 'ಬರೀ ಮನಸ್ಸಿನ ಭ್ರಮೆ' ಅಂತ ತಳ್ಳಿಹಾಕುವವರಿಗೆ ಗಟ್ಟಿಯಾದ ಉತ್ತರ. ಆರೋಗ್ಯವಂತರಲ್ಲಿ ದೊಡ್ಡ ಕೈ ನೋವನ್ನು ತಗ್ಗಿಸಿತು, ಇವರಲ್ಲಿ ಏರಿಸಿತು. ಆದ್ದರಿಂದ ಒಬ್ಬರಿಗೆ ಕೆಲಸ ಮಾಡಿದ್ದು ಇನ್ನೊಬ್ಬರಿಗೂ ಮಾಡುತ್ತದೆ ಅಂತ ಮನೆಯಲ್ಲೇ ಪ್ರಯೋಗಕ್ಕೆ ಇಳಿಯುವ ಬದಲು ನೋವಿನ ತಜ್ಞರ ಹತ್ತಿರ ಮಾತಾಡುವುದು ಒಳ್ಳೆಯದು.

ಕೈ ಕಳೆದುಕೊಂಡವರಿಗಾಗಿ ವಿ. ಎಸ್. ರಾಮಚಂದ್ರನ್ ಮಾಡಿದ ಕನ್ನಡಿ ಪೆಟ್ಟಿಗೆಯೂ ಇದೇ ದಾರಿಯದು. ಉಳಿದಿರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುತ್ತದೆ. 1996ರಲ್ಲಿ ಅವರು ವರದಿ ಮಾಡಿದಂತೆ, ಕೆಲವರಿಗೆ ಕನ್ನಡಿಯಲ್ಲಿ ಕೈ ಆಡಿದ್ದು ಕಂಡಾಗ ಇಲ್ಲದ ಕೈಯೂ ಆಡಿದ ಹಾಗಾಯಿತು, ಉಳಿದ ಕೈಯನ್ನು ಮುಟ್ಟಿದಾಗ ಇಲ್ಲದ ಕೈಯಲ್ಲೂ ಸ್ಪರ್ಶ ಗೊತ್ತಾಯಿತು.

ಇನ್ನು ಬೇರೆಯವರ ದೇಹ. ಯಾರದೋ ಕಾಲನ್ನು ಮುಟ್ಟುವುದನ್ನು ಸುಮ್ಮನೆ ನೋಡಿದರೂ, ನಮ್ಮ ಕಾಲನ್ನು ಮುಟ್ಟಿದಾಗ ಕೆಲಸ ಮಾಡುವ ಮೆದುಳಿನ ಒಂದು ಭಾಗ ಕೆಲಸ ಶುರು ಮಾಡುತ್ತದೆ ಅಂತ 2004ರಲ್ಲಿ ಕ್ರಿಸ್ಟಿಯನ್ ಕೈಸರ್ಸ್ ಮತ್ತು ಸಂಗಡಿಗರು ಸ್ಕ್ಯಾನ್ ಮೂಲಕ ತೋರಿಸಿದರು. ಸೆರಿನೊ ತಂಡ 2008ರಲ್ಲಿ ಇನ್ನೊಂದು ನೋಡಿತು: ಪರದೆ ಮೇಲೆ ಒಂದು ಮುಖವನ್ನು ಬೆರಳು ಮುಟ್ಟುವುದು ಕಾಣುತ್ತಿದ್ದರೆ ನಮ್ಮ ಕೆನ್ನೆ ಮೇಲಿನ ತೀರಾ ಸಣ್ಣ ಸ್ಪರ್ಶವೂ ಚೆನ್ನಾಗಿ ಗೊತ್ತಾಗುತ್ತದೆ. ಅದು ನಮ್ಮದೇ ಮುಖವಾದರೆ ಇನ್ನೂ ಜಾಸ್ತಿ. ಮರುವರ್ಷ ಅದೇ ತಂಡ, ಆ ಮುಖ ನಮ್ಮ ಜನಾಂಗದವರದೋ ನಮ್ಮ ರಾಜಕೀಯ ನಿಲುವಿನವರದೋ ಆಗಿದ್ದಾಗ ಪರಿಣಾಮ ಹೆಚ್ಚು ಅಂತ ಕಂಡಿತು. ನಮ್ಮವರು, ಹೊರಗಿನವರು ಅನ್ನುವ ಭೇದ ಕೆನ್ನೆಯ ಸ್ಪರ್ಶದವರೆಗೂ ಇಳಿದಿದೆ ಅನ್ನುವುದು ಓದಿ ನನಗೆ ನಿಜಕ್ಕೂ ಕಸಿವಿಸಿಯಾಯಿತು.

ಕೆಲವರಲ್ಲಿ ಇದು ಇನ್ನೂ ಗಾಢ. ಎದುರಿಗಿರುವವರ ಕೆನ್ನೆ ಮುಟ್ಟಿದ್ದು ಕಂಡರೆ ಅವರಿಗೆ ತಮ್ಮ ಕೆನ್ನೆಯ ಮೇಲೇ ಸ್ಪರ್ಶ ಗೊತ್ತಾಗುತ್ತದೆ. ಇದು ಕಾಯಿಲೆ ಅಲ್ಲ. 2009ರ ಒಂದು ಅಂದಾಜಿನ ಪ್ರಕಾರ ಸುಮಾರು 1.6 ಶೇಕಡಾ ಜನರಿಗೆ ಹೀಗಾಗುತ್ತದೆ.

ಇಷ್ಟೆಲ್ಲಾ ಕೇಳಿದ ಮೇಲೆ, ಕಣ್ಣು ಕಾಣದವರ ಸ್ಪರ್ಶ ಕಡಿಮೆ ದರ್ಜೆಯದಾ ಅನ್ನುವ ಪ್ರಶ್ನೆ ಬರಬಹುದು. ಖಂಡಿತ ಅಲ್ಲ. ಬ್ರೈಲ್ ಓದುವವರ ಬೆರಳು ಕಣ್ಣಿದ್ದವರ ಬೆರಳಿಗಿಂತ ಸೂಕ್ಷ್ಮ ಅಂತ ಹಲವು ಅಧ್ಯಯನಗಳು ಹೇಳಿವೆ. ಅವರ ಮೆದುಳು ದೇಹದ ಲೆಕ್ಕವನ್ನು ಬೇರೆ ಥರ ಕಟ್ಟಿಕೊಂಡಿದೆ, ಅಷ್ಟೇ. ಅದನ್ನು ಬಯಲಿಗೆ ತಂದಿದ್ದು ಒಂದು ಸರಳ ಪರೀಕ್ಷೆ. ಎರಡು ಕೈಗಳಿಗೂ ಒಂದರ ಹಿಂದೆ ಒಂದು ಬೇಗ ಬೇಗ ಮುಟ್ಟಿ, ಮೊದಲು ಯಾವ ಕೈ ಅಂತ ಕೇಳುವುದು. ಕಣ್ಣು ಮುಚ್ಚಿದ್ದರೂ ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಕೈಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಇಟ್ಟುಕೊಂಡರೆ ತಬ್ಬಿಬ್ಬಾಗುತ್ತೇವೆ. ಜಪಾನಿನ ಯಮಾಮೊಟೊ ಮತ್ತು ಕಿತಾಜಾವಾ 2001ರಲ್ಲಿ ತೋರಿಸಿದ ಹಾಗೆ, ಎರಡು ಸ್ಪರ್ಶಗಳ ನಡುವಿನ ಸಮಯ 300 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದಾಗ ಎಷ್ಟೋ ಸಲ ಉತ್ತರ ತಲೆಕೆಳಗಾಗುತ್ತದೆ. ಎಡಗೈ ಈಗ ಬಲಗಡೆ ಇದೆ, ಚರ್ಮ ಒಂದು ಹೇಳುತ್ತದೆ, ಹೊರಗಿನ ಜಾಗದ ಲೆಕ್ಕ ಇನ್ನೊಂದು ಹೇಳುತ್ತದೆ.

2004ರಲ್ಲಿ ಬ್ರಿಗಿಟೆ ರೋಡರ್ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು ಹುಟ್ಟಿನಿಂದ ಕಣ್ಣು ಕಾಣದವರಿಗೆ ಕೊಟ್ಟರು. ಕೈ ಅಡ್ಡಡ್ಡ ಇಟ್ಟರೂ ಅವರಿಗೆ ಗೊಂದಲವೇ ಆಗಲಿಲ್ಲ. ಬೆಳೆದ ಮೇಲೆ ದೃಷ್ಟಿ ಕಳೆದುಕೊಂಡವರಿಗೂ ಕೊಟ್ಟರು. ಅವರು ಕಣ್ಣಿದ್ದವರ ಹಾಗೆಯೇ ತಪ್ಪಿದರು.